ಅವ್ವನ ಸೆರಗಿನ ಗಂಟುಗಳು

ಒಗೆದ ಬಟ್ಟೆ ಮಡಿಸುವಾಗ ನನ್ನ ವೇಲಿನ ತುದಿಯಲ್ಲಿ ಒಂದು ಗಂಟು ಸಿಕ್ಕಿತು. ಏನನ್ನೋ ಮರೆಯಬಾರದೆಂದು ನಾನೇ ಹಾಕಿದ್ದು. ಏನೆಂಬುದೇ ಮರೆತುಹೋಗಿದೆ.

ನಮ್ಮೂರು ಕೌದಳ್ಳಿಯಲ್ಲಿ ನಮ್ಮವ್ವನ ಸೆರಗೂ ಹೀಗೇ ಇತ್ತು. ಕೆಲಸ ನೆನಪಿರಲೆಂದು ಬೆಳಿಗ್ಗೆಯಿಂದ ಗಂಟು ಹಾಕುತ್ತಾ ಹೋಗುತ್ತಿದ್ದಳು. ಸಂಜೆ ಜಗಲಿಯಲ್ಲಿ ಕೂತು ಒಂದೊಂದನ್ನೇ ಬೆರಳಲ್ಲಿ ಸವರುತ್ತಿದ್ದಳು. ಅಷ್ಟರಲ್ಲಿ ಒಲೆಯ ಮೇಲೆ ಹುರುಳಿ ಸೀದು ಬೀದಿಗೆಲ್ಲ ವಾಸನೆ.

"ನಿನ್ ಗ್ಯಾನ ಎಲ್ಲದಮ್ಮಿ?" ಎಂದು ಅಪ್ಪ ಗದರುತ್ತಿದ್ದ.

"ಇಲ್ಲೇ ಇತ್ತು ಕಣ್ರಿ, ಈಗ್ತಾನೆ," ಎನ್ನುತ್ತಿದ್ದಳು ಅವ್ವ, ಮೆಲ್ಲಗೆ.

ಕಾಸಿರಬಹುದೆಂದು ಒಮ್ಮೆ ಒಂದು ಗಂಟು ಬಿಚ್ಚಿ ನೋಡಿದ್ದೆ. ಒಳಗೆ ಏನೂ ಇರಲಿಲ್ಲ.

ಗಮನ ನಿಲ್ಲದ ನನ್ನ ಸ್ಥಿತಿಗೆ ಡಾಕ್ಟರು ಎಡಿಎಚ್‌ಡಿ ಎಂದು ಹೆಸರು ಹೇಳಿ ಮಾತ್ರೆ ಕೊಟ್ಟಿದ್ದಾರೆ. ಅವ್ವನಿಗೆ ಆ ಹೆಸರೂ ಸಿಗಲಿಲ್ಲ. ನಾನು ಮಾತ್ರೆ ನುಂಗುವುದನ್ನೇ ಮರೆಯುತ್ತೇನೆ. ಯಳಂದೂರಿನ ಕಚೇರಿಯೊಂದರಲ್ಲಿ ಗುತ್ತಿಗೆಯ ಮೇಲೆ ಕಂಪ್ಯೂಟರ್ ಕೆಲಸ ನನ್ನದು. ಅರ್ಧಕ್ಕೇ ಬಿಟ್ಟ ಕೆಲಸಗಳನ್ನೆಲ್ಲ ನಿನ್ನೆ ಸಾಹೇಬರು ತೆಗೆದು ತೋರಿಸಿದರು.

"ಗ್ಯಾನ ಎಲ್ಲಿರ್ತದಮ್ಮ ನಿಮ್ಗೆ? ಮುಂದಿನ ತಿಂಗ್ಳಿಂದ ಬರ್ಬೇಡಿ."

"ಇಲ್ಲೇ ಇತ್ತು ಸಾ," ಎಂದೆ. ಬಂದದ್ದು ಅವ್ವನ ದನಿ.

ಈಗ ಮಗಳು ನನ್ನ ಕೈಯಿಂದ ವೇಲು ತಗೊಂಡು, ಕುತೂಹಲದಿಂದ ಗಂಟು ಬಿಚ್ಚಿದಳು.

"ಒಳ್ಗಡೆ ಏನೂ ಇಲ್ವಲ್ಲಮ್ಮ," ಎಂದಳು.