ಬಂಗಾರಮ್ಮ ಸುಡದ ಕಾದಂಬರಿ

ಸಾಗರದ ಟಾಕೀಸಿಗೆ ವರದಮ್ಮನ ಬದುಕಿನ ಸಿನೆಮಾ ಬಂದದ್ದು ೧೯೬೭ರಲ್ಲಿ. ಅದಕ್ಕೆ ಐದು ವರ್ಷ ಮೊದಲೇ ವರದಮ್ಮ ಕಾಮಾಲೆಯಾಗಿ ತೀರಿಕೊಂಡಿದ್ದಳು. ಹೊಸನಗರದಲ್ಲಿ ಕೂತು ಆರೇಳು ಕಾದಂಬರಿ ಬರೆದು, ಬೆಂಗಳೂರಿನವರೂ ಹುಡುಕಿಕೊಂಡು ಓದುವಂತೆ ಮಾಡಿದ ಹೆಂಗಸು. ಅವಳ ಓರಗಿತ್ತಿಯೇ ಬಂಗಾರಮ್ಮ, ಜವಳಿ ಅಂಗಡಿ ದುಗ್ಗಪ್ಪನ ಹೆಂಡತಿ. ದುಗ್ಗಪ್ಪನ ತಮ್ಮನಿಗೆ ವರದಮ್ಮನನ್ನು ತಂದುಕೊಂಡಿದ್ದರು. ಮದುವೆಯಾಗಿ ಬಂದಾಗಿನಿಂದ ಸಾಯುವವರೆಗೂ ಅವಳು ಬಂಗಾರಮ್ಮನ ಜೊತೆ ಒಂದೇ ಒಲೆಯಲ್ಲಿ ಬೇಯಿಸಿ ಉಂಡವಳು.

ಊರಿನ ಹೆಂಗಸರು ಸಿನೆಮಾ ನೋಡಲು ಬಸ್ಸು ಹತ್ತಿದಾಗ ಬಂಗಾರಮ್ಮನೂ ಹೊಸ ಸೊಸೆ ಯಮುನೆಯನ್ನು ಕರೆದುಕೊಂಡು ಹೊರಟಳು. ಆದರೆ ಅವಳಿಗೆ ಸಿನೆಮಾದವರ ಮೇಲೆ ಮೊದಲಿನಿಂದಲೂ ಗುಮಾನಿ. ಹಿಂದಿನ ವರ್ಷ ಟೆರಿಲಿನ್ ಶರಟಿನವನೊಬ್ಬ ಮದ್ರಾಸಿನಿಂದ ಬಂದು, ಜಗಲಿಯಲ್ಲಿ ಕಾಫಿ ಕುಡಿದು, "ವರದಮ್ಮನವರಿಗೆ ಮನೆಯಲ್ಲಿ ಯಾರು ತೊಂದರೆ ಕೊಡುತ್ತಿದ್ದರು?" ಎಂದು ಕೇಳಿದ್ದ. ಅವಳು ಯಾವಾಗ ಬರೆಯುತ್ತಿದ್ದಳು, ಏನು ಓದುತ್ತಿದ್ದಳು ಎಂದು ಕೇಳಲಿಲ್ಲ.

"ಸೊಳ್ಳೆ ಕೊಡ್ತಿದ್ವು" ಎಂದು ಬಂಗಾರಮ್ಮ ಲೋಟ ಎತ್ತಿಕೊಂಡು ಒಳಗೆ ಹೋಗಿದ್ದಳು.

ತೆರೆಯ ಮೇಲಿನ ವರದಮ್ಮ ಮೊದಲಿನಿಂದ ಕೊನೆಯವರೆಗೆ ಅಳುತ್ತಿದ್ದಳು. ನಿಜವಾದ ವರದಮ್ಮ ಇಸ್ಪೀಟಿನಲ್ಲಿ ಮೋಸ ಮಾಡುವವಳು, ಪ್ರಕಾಶಕರಿಗೆ ಬೈದು ಕಾಗದ ಬರೆಯುವವಳು, ಅನ್ನ ಸೀದರೂ ಅಟ್ಟದಿಂದ ಇಳಿಯದವಳು. ಅನ್ನ ಸೀದ ದಿನ ಬಂಗಾರಮ್ಮ ಬಾಯಿಗೆ ಬಂದ ಹಾಗೆ ಬೈದದ್ದೂ ಉಂಟು. ಸಿನೆಮಾದಲ್ಲಿ ಸೀದ ಅನ್ನ ಇರಲಿಲ್ಲ, ಬೈಗುಳ ಮಾತ್ರ ಇತ್ತು. ಬಾಯಿ ತುಂಬ ಎಲೆಯಡಿಕೆ ಹಾಕಿಕೊಂಡ ಓರಗಿತ್ತಿ ವರದಮ್ಮನ ಕೈಯಿಂದ ಕಾದಂಬರಿಯ ಕಟ್ಟು ಕಸಿದು ಬಚ್ಚಲೊಲೆಗೆ ಹಾಕಿದಾಗ, ಹಿಂದಿನಿಂದ ಯಾರೋ "ಥೂ, ಇವಳ ಕೈ ಸೇದಿ ಹೋಗ" ಎಂದರು. ಹೊಸನಗರದವರು ತಿರುಗಿ ಬಂಗಾರಮ್ಮನ ಮುಖ ನೋಡಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಯಮುನೆ ಕೂಡ ಕಿಟಕಿಯ ಕಡೆ ಮುಖ ಮಾಡಿ ಕೂತಳು.

ಕಾದಂಬರಿಯೊಂದು ಬಚ್ಚಲೊಲೆಗೆ ಹೋದದ್ದು ಸುಳ್ಳಲ್ಲ. ವರದಮ್ಮ ಬರೆದದ್ದನ್ನೆಲ್ಲ ಮೊದಲು ಓದುತ್ತಿದ್ದವಳು ಬಂಗಾರಮ್ಮ. ಆ ಒಂದನ್ನು ಓದಿ, "ಇದು ಚೆನ್ನಾಗಿಲ್ಲ ಮಾರಾಯ್ತಿ. ಆ ಹೆಂಗಸು ಉಂಡು ಕೈ ತೊಳ್ಕೊಂಡು ಹಾಗೇ ಮನೆ ಬಿಟ್ಟು ಹೋಗ್ತಾಳಲ್ಲ, ಎಂತಕ್ಕೆ ಅಂತ್ಲೇ ಇಲ್ಲ. ಯಾರು ನಂಬ್ತಾರೆ?" ಎಂದಿದ್ದಳು. ವರದಮ್ಮ ಏನೂ ಹೇಳಲಿಲ್ಲ. ಮರುದಿನ ನೀರು ಕಾಯಿಸುವಾಗ ತಾನೇ ಕಟ್ಟು ಬಿಚ್ಚಿ ಒಂದೊಂದೇ ಹಾಳೆ ಒಲೆಗೆ ಹಾಕಿದಳು. ಆಗ ಬಚ್ಚಲಲ್ಲಿ ಇದ್ದದ್ದು ಅವರಿಬ್ಬರೇ.

ಇಬ್ಬರಿಗೇ ಗೊತ್ತಿದ್ದದ್ದು ಮದ್ರಾಸಿಗೆ ಹೋದದ್ದು ಹೇಗೆ? ತಾನಂತೂ ಹೇಳಿಲ್ಲ. ಹಾಗಾದರೆ ವರದಮ್ಮನೇ ಯಾರ ಹತ್ತಿರವೋ ಹೇಳಿರಬೇಕು. ಹೇಗೆ ಹೇಳಿದ್ದಳು, ತಪ್ಪನ್ನು ಓರಗಿತ್ತಿಯ ಮೇಲೆ ಹಾಕಿಯೇ? ಈ ಪ್ರಶ್ನೆ ಬಂಗಾರಮ್ಮನಿಗೆ ಊಟ ಸೇರದ ಹಾಗೆ ಮಾಡಿತು. ಕೊನೆಗೆ ಅವಳು ತೀರ್ಥಹಳ್ಳಿಗೆ ಹೋದಳು. ವರದಮ್ಮನ ತಮ್ಮ ಚಂದ್ರಯ್ಯ ಅಲ್ಲಿ ಸೈಕಲ್ ಶಾಪು ಇಟ್ಟಿದ್ದ. ಸಿನೆಮಾದ ಮೊದಲ ದಿನ ಅವನಿಗೆ ಹಾರ ಹಾಕಿದ್ದರೆಂದು ಕೇಳಿದ್ದಳು.

ಅವಳನ್ನು ನೋಡಿದ ಕೂಡಲೇ ಚಂದ್ರಯ್ಯ ಸ್ಟೂಲು ಒರೆಸಿ ಕೊಟ್ಟ. ಅವಳು ಕೂರಲಿಲ್ಲ.

"ಆ ಒಲೆ ಕಥೆ ಹೇಳಿದ್ದು ನೀನಾ?"

"ಅಕ್ಕ, ನನ್ನ ಹತ್ರ ಅವಳು ಹೇಳಿದ್ದನ್ನೇ ನಾನು ಹೇಳಿದ್ದು. ಅವಳೇ ಸುಟ್ಟಿದ್ದು ಅಂತ್ಲೇ ಹೇಳಿದೆ. ತಾನು ಬರ್ದಿದ್ದನ್ನ ತಾನೇ ಸುಟ್ರೆ ಜನ ಒಪ್ಪೋದಿಲ್ಲ, ಬೇರೆ ಯಾರಾದ್ರೂ ಸುಡ್ಬೇಕು ಅಂದ್ರು ಸಿನೆಮಾದವ್ರು."

"ಅದಕ್ಕೆ ನಾನೇ ಆಗ್ಬೇಕಿತ್ತಾ? ಅವಳ ಗಂಡ ಇರ್ಲಿಲ್ವಾ?"

"ಗಂಡನ ಪಾರ್ಟು ಹೀರೋಗೆ ಕೊಟ್ಟಿದ್ರಲ್ಲ" ಎಂದ ಚಂದ್ರಯ್ಯ.

ಬಂಗಾರಮ್ಮ ದನಿ ಇಳಿಸಿದಳು. "ಅವಳು ನನ್ನ ಹೆಸರು ಎತ್ತಿದ್ಲಾ? ನಿಜ ಹೇಳು."

ಚಂದ್ರಯ್ಯ ಕೈಯಲ್ಲಿದ್ದ ಟ್ಯೂಬನ್ನು ಬಕೇಟಿನ ನೀರಿಗೆ ಅದ್ದಿ ಗುಳ್ಳೆ ನೋಡತೊಡಗಿದ. "ಸಿಟ್ಟಲ್ಲಿ ಎಂತಾದ್ರೂ ಅಂದಿರ್ಬಹುದು. ನಂಗೆ ನೆನಪಿಲ್ಲ."

ನೆನಪಿಲ್ಲದವನು ಮುಖ ಎತ್ತಿ ಹೇಳಬಹುದಿತ್ತು ಎಂದುಕೊಳ್ಳುತ್ತ ಬಂಗಾರಮ್ಮ ಬಸ್ಸು ಹತ್ತಿದಳು.

ಮನೆಯಲ್ಲಿ ಇನ್ನೊಂದು ಕಾದಿತ್ತು. ಸಿನೆಮಾ ನೋಡಿ ಬಂದಾಗಿನಿಂದ ಯಮುನೆ ವಾರಪತ್ರಿಕೆಗಳನ್ನು ಹಾಸಿಗೆಯ ಕೆಳಗೆ ಇಡುತ್ತಿದ್ದಳು. ಹಾಸಿಗೆ ಬಿಸಿಲಿಗೆ ಹಾಕಲು ಹೋದಾಗ ಬಂಗಾರಮ್ಮನ ಕೈಗೆ ಅವು ಸಿಕ್ಕವು. ಇವಳೂ ನಂಬಿಬಿಟ್ಟಳಲ್ಲ ಎಂದುಕೊಂಡಳು. ಪತ್ರಿಕೆಗಳನ್ನು ತಂದು ಸೊಸೆಯ ಮುಂದಿಟ್ಟಳು.

"ನಾನು ಸುಡ್ತೀನಿ ಅಂತ ಬಚ್ಚಿಟ್ಯಾ?"

ಯಮುನೆ ಅಕ್ಕಿಯ ಮೊರ ಎಳೆದುಕೊಂಡಳು. ಬಂಗಾರಮ್ಮನೂ ಜೊತೆಗೆ ಅಕ್ಕಿ ಆರಿಸುತ್ತ ನಡೆದದ್ದನ್ನೆಲ್ಲ ಹೇಳಿದಳು. ತನ್ನ ಬೈಗುಳವನ್ನೂ ಬಿಡಲಿಲ್ಲ.

"ಆ ಕಾದಂಬರಿ ಕಥೆ ಎಂತ ಇತ್ತು ಅತ್ತೆ?" ಎಂದಳು ಯಮುನೆ.

ಬಂಗಾರಮ್ಮನಿಗೆ ಅದು ಪೂರ್ತಿ ನೆನಪಿತ್ತು. ಹೇಳುತ್ತ ಹೋದ ಹಾಗೆ ಯಮುನೆಯ ಕೈ ಮೊರದ ಮೇಲೇ ನಿಂತಿತು. ಆ ಹೆಂಗಸು ಉಂಡು, ಕೈ ತೊಳೆದು, ಬಾಗಿಲು ಮುಂದೆ ಮಾಡಿ ಹೊರಟುಹೋಗುವಲ್ಲಿಗೆ ಕಥೆ ಮುಗಿಯಿತು.

"ಎಂತಕ್ಕೆ ಹೋಗ್ತಾಳೆ ಅಂತ ಬರೀಲೇ ಇಲ್ಲ ನೋಡು" ಎಂದಳು ಬಂಗಾರಮ್ಮ.

"ನಂಗೆ ಗೊತ್ತಾಯ್ತು."

"ಎಂತ ಗೊತ್ತಾಯ್ತು?"

"ಯಾರೂ ಎಂತದೂ ಕೆಟ್ಟದ್ದು ಮಾಡ್ದಿದ್ರೂ ಒಂದೊಂದ್ಸಲ ಎದ್ದು ಹೋಗ್ಬೇಕು ಅನ್ಸೋದಿಲ್ವಾ ಅತ್ತೆ?"

ಬಂಗಾರಮ್ಮ ಸೊಸೆಯನ್ನು ದಿಟ್ಟಿಸಿ ನೋಡಿದಳು. ಮನೆ ತುಂಬಿ ಇನ್ನೂ ವರ್ಷವಾಗದ ಈ ಹುಡುಗಿಗೆ ಹೊಳೆದದ್ದು ತನಗೆ ಯಾಕೆ ಹೊಳೆಯಲಿಲ್ಲ? ಅಂದು ವರದಮ್ಮ ಸುಮ್ಮನಾದದ್ದು ಕಾದಂಬರಿ ಕೆಟ್ಟದಾಗಿತ್ತು ಎಂದೋ, ಓದಿದವಳಿಗೇ ತಿಳಿಯಲಿಲ್ಲ ಎಂದೋ?

ಆಮೇಲೆ ಸಿನೆಮಾ ಹೊಸನಗರದ ಟೆಂಟು ಟಾಕೀಸಿಗೂ ಬಂತು. ಮದುವೆಮನೆಗಳಲ್ಲಿ ಅವಳ ಬೆನ್ನ ಹಿಂದೆ ಪಿಸುಮಾತು ನಡೆದೇ ಇತ್ತು. ಧೈರ್ಯ ಮಾಡಿ ಯಾರಾದರೂ ಎದುರಿಗೇ ಕೇಳಿದರೆ ಬಂಗಾರಮ್ಮ, "ಸುಟ್ಟಿದ್ದು ಅವಳೇ. ಚೆನ್ನಾಗಿಲ್ಲ ಅಂದಿದ್ದು ನಾನು" ಎನ್ನುತ್ತಿದ್ದಳು. ಕೇಳಿದವರು ಅದನ್ನು ಅಷ್ಟಾಗಿ ನಂಬುತ್ತಿರಲಿಲ್ಲ. ಅವಳೂ ನಂಬಿಸಲು ಹೋಗುತ್ತಿರಲಿಲ್ಲ.