ಸೂಜಿಯ ಕೋಟು, ಚಿಕ್ಕಪ್ಪನ ಕೈ

ನಮ್ಮ ಚಿಕ್ಕಪ್ಪ ದರ್ಜಿ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಒಂದು ಮೈಯನ್ನು ಒಮ್ಮೆ ಅಳೆದರೆ ಮತ್ತೆ ಅಳೆಯುವುದಿಲ್ಲ ಎಂಬುದು ಅವನ ಹೆಮ್ಮೆ. ಹಳೆಯ ಗಿರಾಕಿ ಬಾಗಿಲಲ್ಲಿ ನಿಂತರೆ ಸಾಕು, ಮೇಲಿಂದ ಕೆಳಗೆ ಒಮ್ಮೆ ನೋಡಿ "ಆಯ್ತು, ಹೋಗ್ಬನ್ನಿ" ಎನ್ನುತ್ತಾನೆ. ಯಾರಾದರೂ ಟೇಪು ಹಿಡಿಯಿರಿ ಎಂದು ಕೇಳಿದರೆ ಬೈಸಿಕೊಂಡವನಂತೆ ಮುಖ ಮಾಡುತ್ತಾನೆ.

ಇಂಥವನ ಮನೆಗೆ ಸೂಜಿ ಬಂದಳು. ಸೂಜಿ ವಿಪ್ಪೆಟ್ ಜಾತಿಯ ನಾಯಿ. ಊರು ಬಿಟ್ಟು ಹೊರಟಿದ್ದ ಗಿರಾಕಿಯೊಬ್ಬರು ಕೊಟ್ಟುಹೋದರು. ಉದ್ದ ಮೂತಿ, ಬಿಲ್ಲಿನಂತೆ ಬಾಗಿದ ಬೆನ್ನು, ಒಳಕ್ಕೆ ಎಳೆದುಕೊಂಡ ಹೊಟ್ಟೆ. ಅಜ್ಜಿ ನೋಡಿದವಳೇ, "ಅಯ್ಯೋ, ಇದು ಹೊಟ್ಟೆ ತುಂಬ ತಿಂದು ಯಾವ ಕಾಲ ಆಯ್ತೋ!" ಎಂದಳು. ಕರೆದೊಯ್ದು ತೋರಿಸಿದರೆ ಪಶುವೈದ್ಯರು ನಕ್ಕರು. "ಈ ಜಾತಿ ಇರೋದೇ ಹೀಗಮ್ಮ. ಹಿಂದಿನ ಪಕ್ಕೆಲುಬು ಒಂದೆರಡು ಕಾಣ್ತಾ ಇರ್ಬೇಕು. ಕಾಣದೇ ಇದ್ರೆ ಆಗ ಕರ್ಕೊಂಡು ಬನ್ನಿ."

ಚಿಕ್ಕಪ್ಪ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡ. ಬೆಳಗ್ಗೆ ಒಂದು ಬಟ್ಟಲು, ಸಂಜೆ ಒಂದು ಬಟ್ಟಲು, ತಾನೇ ಹಾಕುತ್ತಿದ್ದ. ಸೂಜಿಯ ತಲೆ ಕುತ್ತಿಗೆಗಿಂತ ಸಣ್ಣದು, ಮಾಮೂಲಿ ಕೊರಳಪಟ್ಟಿ ಜಾರಿ ಬರುತ್ತಿತ್ತು. ಅದಕ್ಕೆ ದಪ್ಪ ಬಟ್ಟೆಯಲ್ಲಿ ಅಗಲವಾದ ಪಟ್ಟಿ ಹೊಲಿದ. ಬೀದಿಯಲ್ಲಿ ಮಾತ್ರ ಅವಳ ಹಗ್ಗ ಬಿಚ್ಚುತ್ತಿರಲಿಲ್ಲ. ಗಾಳಿಗೆ ಹಾರುವ ಪ್ಲಾಸ್ಟಿಕ್ ಚೀಲ ಕಂಡರೂ ಬಾಣದಂತೆ ಹೊರಟುಬಿಡುತ್ತಿದ್ದಳು, ಆಮೇಲೆ ಎಷ್ಟು ಕೂಗಿದರೂ ಕಿವಿಯೇ ಇಲ್ಲದವಳು. ಸುತ್ತ ಗೋಡೆಯಿರುವ ಮೈದಾನದಲ್ಲಿ ನಾಲ್ಕು ಸುತ್ತು ಓಡಿ ಬಂದರೆ ಉಳಿದ ದಿನವೆಲ್ಲ ಸೋಫಾ ಅವಳದು. ಬೊಗಳುವುದು ತನ್ನ ಕೆಲಸ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. "ಕಳ್ಳ ಬಂದ್ರೆ ಸರಿದು ಜಾಗ ಕೊಡ್ತಾಳೆ" ಎನ್ನುತ್ತಿದ್ದಳು ಚಿಕ್ಕಮ್ಮ. ಸ್ವಲ್ಪ ಗದರಿದರೂ ಗೋಡೆಗೆ ಮುಖ ಮಾಡಿ ಮಲಗುವಳು. ಗದರಿದವರೇ ಹೋಗಿ ಸಮಾಧಾನ ಮಾಡಬೇಕು.

ತೆಳು ಚರ್ಮ, ಗಿಡ್ಡ ಕೂದಲು. ಚಳಿ ಶುರುವಾದಾಗ ನಡುಗತೊಡಗಿದಳು. ಚಿಕ್ಕಪ್ಪ ಒಂದೇ ಒಂದು ಸಲ ಟೇಪು ಹಿಡಿದು, ಒಳಗೆ ಲೈನಿಂಗ್ ಹಾಕಿದ ಉಣ್ಣೆ ಕೋಟು ಹೊಲಿದ. ಹೊಟ್ಟೆಯ ಕೆಳಗೆ ಗುಂಡಿ. ಮೈಗೆ ಅಂಟಿಸಿದಂತೆ ಕೂತಿತು.

ಸ್ವಲ್ಪ ದಿನಕ್ಕೆ ಗುಂಡಿ ಕಾಜಾದವರೆಗೆ ಬರಲಿಲ್ಲ.

"ಉಣ್ಣೆ ಕುಗ್ಗಿದೆ" ಎಂದು ಚಿಕ್ಕಪ್ಪ ಹೊಲಿಗೆ ಬಿಚ್ಚಿ ಅಗಲ ಮಾಡಿದ. ಅದೂ ಬಿಗಿಯಾಯಿತು. ಕೊನೆಗೆ ಹೊಸ ಬಟ್ಟೆ ತಂದು, ಮನಸ್ಸಿನಲ್ಲಿದ್ದ ಮೊದಲಿನ ಅಳತೆಗೇ ಎರಡನೆಯ ಕೋಟು ಹೊಲಿದ. ಅದು ಅರ್ಧ ಹೊಟ್ಟೆಗೂ ಸಾಲಲಿಲ್ಲ.

ನಡೆದದ್ದು ಇಷ್ಟು. ಚಿಕ್ಕಮ್ಮ ಅಡುಗೆಮನೆಯಲ್ಲಿ ಸೂಜಿಗೆ ದಿನಾ ಒಂದು ಬೇಯಿಸಿದ ಮೊಟ್ಟೆ ಕೊಡುತ್ತಿದ್ದಳು. ಅಲ್ಲಿಂದ ಸೂಜಿ ನೇರವಾಗಿ ಅಜ್ಜಿಯ ಕೋಣೆಗೆ ಹೋಗಿ, ಅವಳ ಮೊಣಕಾಲಿನ ಮೇಲೆ ಗದ್ದ ಇಟ್ಟು, ಹುಟ್ಟಿದಾಗಿನಿಂದ ಏನೂ ತಿನ್ನದವಳಂತೆ ನೋಡುವಳು. ಅಜ್ಜಿ ಬೆಣ್ಣೆ ಸವರಿದ ಬ್ರೆಡ್ಡು ಕೊಡುವಳು. ಎದುರು ಮನೆಯ ಬಸ್ ಡ್ರೈವರ್ ಗೇಟಿನ ಸಂದಿಯಿಂದ ಬಿಸ್ಕತ್ತು ತೂರಿಸುವರು. ಬಡಪಾಯಿಯ ಎಲುಬು ಕಂಡು ಮರುಗಿದ್ದು ತಾವೊಬ್ಬರೇ ಎಂದು ಮೂವರೂ ತಿಳಿದಿದ್ದರು. ಬೊಗಳದ ನಾಯಿಯಾದ್ದರಿಂದ ಗುಟ್ಟು ಹೊರಬೀಳುವ ಭಯವೂ ಇರಲಿಲ್ಲ. ಸಾಲದ್ದಕ್ಕೆ, ವಿಪ್ಪೆಟ್ ಎಷ್ಟು ದಪ್ಪಗಾದರೂ ಬೀದಿಯ ಬೇರೆ ನಾಯಿಗಳ ಪಕ್ಕ ಸಣಕಲಾಗಿಯೇ ಕಾಣುತ್ತದೆ. ಹಗಲೆಲ್ಲ ಮೈಮೇಲೆ ಕೋಟು ಬೇರೆ.

ಬಟ್ಟಲು ತಾನೇ ಹಾಕುವುದರಿಂದ ಚಿಕ್ಕಪ್ಪನಿಗೆ ನಾಯಿಯ ಮೇಲೆ ಅನುಮಾನ ಬರಲಿಲ್ಲ, ತನ್ನ ಕೈಯ ಮೇಲೆ ಬಂತು. ಅವನು ತಮಾಷೆ ಮಾಡುವುದನ್ನೇ ಬಿಟ್ಟ. ಕಿಟಕಿಯ ಹತ್ತಿರ ನಿಂತು ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡುವನು.

ಆಗಲೇ ಮದುವೆ ಗೊತ್ತಾಗಿದ್ದ ಹುಡುಗನೊಬ್ಬ ಸೂಟಿನ ಬಟ್ಟೆ ತಂದ. ಶಾಲೆಯ ಚಡ್ಡಿಯಿಂದ ಹಿಡಿದು ಎಲ್ಲವನ್ನೂ ಇಲ್ಲೇ ಹೊಲಿಸಿಕೊಂಡವನು. ಚಿಕ್ಕಪ್ಪ ಗಂಟನ್ನು ಬಿಚ್ಚದೆ ವಾಪಸು ಕೊಟ್ಟ. "ಬೇರೆ ಕಡೆ ಹೊಲಿಸ್ಕೊಳಪ್ಪ. ನನ್ನ ಅಳತೆ ಹೋಯ್ತು. ನಿನ್ನ ಮದುವೆ ಕೋಟು ಹಾಳಾಗೋದು ಬೇಡ." ಹುಡುಗ ಬಾಯಿ ತೆರೆದುಕೊಂಡೇ ಹೊರಟ. ಚಿಕ್ಕಪ್ಪ ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿ, ಮಿಷಿನ್ ಮೇಲೆ ಮುಸುಕು ಹಾಕಿ, "ಈ ಕೋಣೆ ಬಾಡಿಗೆಗೆ ಕೊಡೋಣ" ಎಂದ.

ಚಿಕ್ಕಮ್ಮ ಅಡುಗೆಮನೆಯಿಂದ ಬಂದಳು. ಕೈಯಲ್ಲಿ ಅರ್ಧ ಸುಲಿದ ಮೊಟ್ಟೆ.

"ರೀ, ಬೈಬಾರ್ದು."

"ಬೈಯೋಕೆ ನನ್ನಲ್ಲಿ ಶಕ್ತಿ ಎಲ್ಲಿದೆ?"

"ಸೂಜಿಗೆ ದಿನಾ ಒಂದು ಮೊಟ್ಟೆ ಕೊಡ್ತಿದ್ದೆ."

ಚಿಕ್ಕಪ್ಪ ಯೋಚಿಸಿ ತಲೆಯಾಡಿಸಿದ. "ಒಂದು ಮೊಟ್ಟೆಗೆ ಅಷ್ಟು ಅಗಲ ಆಗಲ್ಲ ಕಣೇ. ನನ್ನ ಸಮಾಧಾನಕ್ಕೆ ಹೇಳ್ತಿದ್ದೀಯ."

ಒಳಗಿನ ಕೋಣೆಯಿಂದ ಕೆಮ್ಮು ಕೇಳಿಸಿತು. "ಬರೀ ಮೊಟ್ಟೆ ಅಲ್ಲ ಕಣೋ" ಎಂದಳು ಅಜ್ಜಿ. "ಬ್ರೆಡ್ಡೂ ಇತ್ತು. ಸ್ವಲ್ಪ ಬೆಣ್ಣೆನೂ."

"ಅತ್ತೆ! ನೀವಾ? ಬೆಣ್ಣೆ ಎಲ್ಲಿ ಹೋಗ್ತಿದೆ ಅಂತ ನಾನು ಇಷ್ಟು ದಿನ ಇವರ ಮೇಲೆ ಅನುಮಾನ ಪಟ್ಟೆ!"

"ಅವನ ಮುಖ ನೋಡಿದ್ರೆ ಯಾರಿಗಾದ್ರೂ ಅನುಮಾನ ಬರುತ್ತೆ ಬಿಡು."

ಗಲಾಟೆ ಕೇಳಿ ಗೇಟಿನ ಹತ್ತಿರ ಬಂದ ಡ್ರೈವರು ಮೆಲ್ಲಗೆ ಕೇಳಿದರು: "ಬಿಸ್ಕತ್ತು ಲೆಕ್ಕಕ್ಕೆ ಬರುತ್ತಾ ಸಾರ್?"

ಚಿಕ್ಕಪ್ಪ ಟೇಪು ತೆಗೆದ. ಒಮ್ಮೆ ಅಳೆದ ಮೈಯನ್ನು ಎರಡನೆಯ ಸಲ ಅಳೆಯುವುದನ್ನು ನಾವ್ಯಾರೂ ಕಂಡಿರಲಿಲ್ಲ. ಸೋಫಾದಲ್ಲಿ ಅಂಗಾತ ಬಿದ್ದಿದ್ದ ಸೂಜಿಯ ಸುತ್ತ ಟೇಪು ಹಾಕಿದ. ನೋಡಿದ. ಎರಡನೆಯ ಕೋಟನ್ನು ಮೇಜಿನ ಮೇಲೆ ಹರವಿ ಅಳೆದ. ಅದು ಮೊದಲಿನ ಅಳತೆಗೆ ಕೂದಲೆಳೆಯೂ ತಪ್ಪಿರಲಿಲ್ಲ.

"ದಪ್ಪ ಆಗಿದ್ದಾಳೆ!" ಎಂದು ಕಿರುಚಿದ. "ಲೇ, ಇವಳು ದಪ್ಪ ಆಗಿದ್ದಾಳೆ!" ನಾಳೆಯಿಂದ ಮೊಟ್ಟೆಯಿಲ್ಲ, ಬೆಣ್ಣೆಯಿಲ್ಲ, ಬಿಸ್ಕತ್ತು ಕೊಟ್ಟವರಿಗೆ ಪ್ಯಾಂಟು ಹೊಲಿಯುವುದಿಲ್ಲ ಎಂದು ನಗುತ್ತಲೇ ಕೂಗುತ್ತ, ಬರಿಗಾಲಿನಲ್ಲಿ, ಕೊರಳಲ್ಲಿ ಟೇಪು ನೇತಾಡಿಸಿಕೊಂಡು ಬೀದಿಗೆ ಓಡಿದ.

ಮದುವೆಯ ಹುಡುಗ ಬಸ್ ಸ್ಟಾಪಿನಲ್ಲಿ ಸಿಕ್ಕ. ಚಿಕ್ಕಪ್ಪ ಬಟ್ಟೆಯ ಗಂಟು ಕಿತ್ತುಕೊಂಡು, ಅಲ್ಲೇ ಎಲ್ಲರ ಮುಂದೆ ಅವನ ಸೊಂಟಕ್ಕೆ ಟೇಪು ಸುತ್ತಿದ.

"ನನ್ನನ್ನ ಅಳೀತೀರಾ?" ಹುಡುಗ ಗಾಬರಿಯಾದ.

"ಸುಮ್ನೆ ನಿಂತ್ಕೊ. ಮೊದ್ಲು ಇದು ಹೇಳು. ಮದುವೆ ಗೊತ್ತಾದ ಮೇಲೆ ನಿಂಗೆ ಯಾರ್ಯಾರು ತಿನ್ನಿಸ್ತಿದ್ದಾರೆ?"

ಹುಡುಗ ನಾಚಿಕೊಂಡ. "ಅಮ್ಮ... ದೊಡ್ಡಮ್ಮ... ಅಕ್ಕ ಬಂದಿದ್ದಾಳೆ... ಆಮೇಲೆ ಹುಡುಗಿ ಮನೆಯವರು ವಾರವಾರ ಡಬ್ಬಿ ಕಳಿಸ್ತಾರೆ..."

ಒಬ್ಬೊಬ್ಬರನ್ನು ಹೇಳಿದ ಹಾಗೆಲ್ಲ ಚಿಕ್ಕಪ್ಪ ಟೇಪನ್ನು ಒಂದೊಂದು ಬೆರಳು ಸಡಿಲ ಬಿಡುತ್ತ ಹೋದ.