ಉಸಿರು ಕಟ್ಟಿದ ಮೋಟರ್ ಸೈಕಲ್ಲು

ನಾನು ಚಿಕ್ಕವಳಿದ್ದಾಗ, ಎಂದರೆ ಮುಂದಿನ ಎರಡು ಹಲ್ಲು ಬಿದ್ದು ಹೊಸವು ಇನ್ನೂ ಹುಟ್ಟದೇ ಇದ್ದ ಬೇಸಿಗೆಯಲ್ಲಿ, ನಮ್ಮ ಮನೆಗೆ ಒಂದು ಸತ್ತ ಮೋಟರ್ ಸೈಕಲ್ಲು ಬಂತು. ಸತ್ತದ್ದು ಎಂದು ಹೇಳಿದ್ದು ಅಮ್ಮ. ಖಾಲಿ ಲಾರಿಯ ಮೇಲಿಂದ ನಾಲ್ಕು ಜನ ಅದನ್ನು ಹಗ್ಗ ಕಟ್ಟಿ ಇಳಿಸುತ್ತಿದ್ದಾಗ ಅವಳು ಬಾಗಿಲಲ್ಲಿ ನಿಂತು, "ಹೊತ್ಕೊಂಡು ಬರೋ ಬದ್ಲು ಅಲ್ಲೇ ಮಣ್ಣು ಮಾಡಿ ಬರ್ಬೋದಿತ್ತಲ್ಲ ಮಾರಾಯ್ರೆ" ಅಂದಳು.

ಆಗ ನಾವು ತೀರ್ಥಹಳ್ಳಿಯಲ್ಲಿ, ತುಂಗಾ ಹೊಳೆಗೆ ಇಳಿಯುವ ಒಂದು ಬೀದಿಯ ಬಾಡಿಗೆ ಮನೆಯಲ್ಲಿದ್ದೆವು. ಅಪ್ಪ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್. ಹಳ್ಳಿ ಹಳ್ಳಿ ತಿರುಗಿ ದನ ಎಮ್ಮೆಗಳಿಗೆ ಚುಚ್ಚುಮದ್ದು ಹಾಕುವುದು ಅವನ ಕೆಲಸ. ಹಿಂದಿನ ಮಳೆಗಾಲದಲ್ಲಿ ಹಳ್ಳಕ್ಕೆ ಅಡ್ಡ ಹಾಕಿದ್ದ ಮರದ ಸಂಕ ದಾಟುವಾಗ ಜಾರಿಬಿದ್ದು ಬಲಗಾಲಿನ ಮಂಡಿ ಮುರಿದುಕೊಂಡಿದ್ದ. ಮೂಳೆ ಕೂಡಿತು, ಆದರೆ ಕಾಲು ಮೊದಲಿನ ಹಾಗೆ ಮಡಚಲಿಲ್ಲ. ಬಸ್ಸಿಳಿದು ನಾಲ್ಕೈದು ಮೈಲಿ ನಡೆಯುವುದು ಅವನಿಂದ ಆಗದ ಮಾತಾಯಿತು. ತಿರುಗಾಟ ಆಗದಿದ್ದರೆ ಬಯಲುಸೀಮೆಯ ಔಷಧಿ ಉಗ್ರಾಣಕ್ಕೆ ವರ್ಗ ಮಾಡುತ್ತೇವೆ ಎಂದು ಮೇಲಿನವರು ಹೇಳಿ ಕಳಿಸಿದ್ದರು. "ಸೀಸೆ ಎಣ್ಸಕ್ಕೆ ನಾನ್ಯಾಕೆ? ದನದ ಮೈ ಮುಟ್ದೆ ನಂಗೆ ದಿನ ಹೋಗಲ್ಲ" ಎಂದು ಅಪ್ಪ ಊಟ ಮಾಡುವಾಗಲೂ ಅದನ್ನೇ ಹೇಳುತ್ತಿದ್ದ.

ಹೊಸನಗರದಲ್ಲಿ ವಯಸ್ಸಾದ ಡಾಕ್ಟರೊಬ್ಬರಿದ್ದರು. ಅವರ ಕೊಟ್ಟಿಗೆಯ ಮೂಲೆಯಲ್ಲಿ ಒಂಬತ್ತು ವರ್ಷದಿಂದ ನಿಂತೇ ಇದ್ದ ಮೋಟರ್ ಸೈಕಲ್ಲು ಇದು. "ಓಡಿಸ್ಕೊಳ್ಳೋ ಹಾಗಿದ್ರೆ ತಗೊಂಡು ಹೋಗಿ" ಎಂದು ಅಪ್ಪನಿಗೆ ಕೊಟ್ಟಿದ್ದರು.

ಅದನ್ನು ಹಿತ್ತಲಿನ ಚಪ್ಪರದ ಕೆಳಗೆ ನಿಲ್ಲಿಸಿದರು. ನಾನು ಸುತ್ತ ಮೂರು ಸಲ ತಿರುಗಿ ನೋಡಿದೆ. ಚಕ್ರದ ಕಡ್ಡಿಗಳ ನಡುವೆ ಜೇಡರ ಬಲೆ. ಹರಿದ ಸೀಟಿನಿಂದ ಇಣುಕುವ ತೆಂಗಿನ ನಾರು. ದೀಪದ ಗಾಜಿನ ಒಳಗೆ ಒಣಗಿ ಹೋದ ಒಂದು ಹಲ್ಲಿ! ಅದು ಒಳಗೆ ಹೇಗೆ ಹೋಯಿತು ಎಂದು ನಾನು ಒಂದು ಮಧ್ಯಾಹ್ನವೆಲ್ಲ ಯೋಚಿಸಿದೆ. ಪೆಟ್ರೋಲ್ ಟ್ಯಾಂಕಿನ ಬಾಯಿಗೆ ಮೂಗಿಟ್ಟರೆ ಹಳೆಯ ವಾರ್ನಿಷ್ಷಿನ ಘಾಟು ಹೊಡೆಯುತ್ತಿತ್ತು.

ಅಪ್ಪನಿಗೆ ಓಡಿಸಲು ಬರುತ್ತಿತ್ತೇ ಹೊರತು ರಿಪೇರಿ ಗೊತ್ತಿರಲಿಲ್ಲ. "ಇದೂ ಮಾತು ಬಾರದ್ದೇ. ಎಲ್ಲಿ ನೋವು ಅಂತ ಹೇಳಲ್ಲ. ನಾವೇ ಮುಟ್ಟಿ ಮುಟ್ಟಿ ನೋಡ್ಬೇಕು" ಎಂದು ಲುಂಗಿ ಎತ್ತಿ ಕಟ್ಟಿ ಕುಳಿತ. ಹದಿನಾರು ವರ್ಷದ ಅಕ್ಕ ಎದುರಿಗೆ ಕುಳಿತಳು. ಬಿಚ್ಚಿದ ನಟ್ಟು ಬೋಲ್ಟುಗಳನ್ನು ಬಿಚ್ಚಿದ ಕ್ರಮದಲ್ಲೇ ಹಳೇ ಸೀರೆಯ ಮೇಲೆ ಸಾಲಾಗಿ ಇಡುವುದು ನನ್ನ ಪಾಲಿನ ಕೆಲಸ.

ಇಂಜಿನ್ನು ಬಿಗಿದು ಕಲ್ಲಾಗಿತ್ತು. ಪ್ಲಗ್ಗು ಬಿಚ್ಚಿ, ಆ ತೂತಿನಿಂದ ಸೀಮೆಎಣ್ಣೆ ಹೊಯ್ದು ಎರಡು ದಿನ ನೆನೆಯಲು ಬಿಟ್ಟರು. ಮೂರನೆಯ ದಿನ ಅಕ್ಕ ಕಿಕ್ಕರಿನ ಮೇಲೆ ಹತ್ತಿ ನಿಂತಾಗ ಒಳಗೆ ಏನೋ 'ಕಟಕ್' ಎಂದು ಬಿಟ್ಟುಕೊಂಡಿತು. ಕೆಳಗಿನ ಬಿರಡೆ ತೆಗೆದರೆ ಹಳೇ ಆಯಿಲ್ಲು ಜೋನಿ ಬೆಲ್ಲದ ಹಾಗೆ ನೂಲು ನೂಲಾಗಿ ಇಳಿಯಿತು. ಪೆಟ್ರೋಲು ಹಾದು ಹೋಗುವ ಕಾರ್ಬ್ಯುರೇಟರಿನಲ್ಲಿ ಒಂದು ಪುಟಾಣಿ ಹಿತ್ತಾಳೆಯ ತುಂಡು ಇತ್ತು. ಅದರ ತೂತು ಎಷ್ಟು ಸಣ್ಣದೆಂದರೆ ತಲೆಗೂದಲೂ ಕಷ್ಟಪಟ್ಟು ತೂರಬೇಕು. ಅದು ಕಟ್ಟಿಹೋಗಿತ್ತು. ಇಂಜೆಕ್ಷನ್ ಸೂಜಿ ಶುಚಿ ಮಾಡುವ ತಂತಿಯನ್ನೇ ತಂದು ಅಪ್ಪ ಅದನ್ನು ಬಿಡಿಸಿದ. ಆಮೇಲೆ ತೂತಿನ ಮೂಲಕ ಬೆಳಕು ನೋಡಲು ನನಗೆ ಕೊಟ್ಟ. ಒಂದು ಚುಕ್ಕಿ ಆಕಾಶ ಕಂಡಿತು.

ಹತ್ತು ಹನ್ನೆರಡು ದಿನದ ಮೇಲೆ ಒಂದು ಬೆಳಗ್ಗೆ ಹೊಸ ಪೆಟ್ರೋಲು ಹಾಕಿದರು. ಅಪ್ಪನ ಮಂಡಿಗೆ ಕಿಕ್ಕರ್ ತುಳಿಯಲು ಆಗದು. ಅಕ್ಕನೇ ಅಪ್ಪನ ಬೂಟು ಹಾಕಿಕೊಂಡು, ಲಂಗ ಸೊಂಟಕ್ಕೆ ಸಿಕ್ಕಿಸಿ, ತುಳಿದಳು. ಇಪ್ಪತ್ತು ಸಲ, ಮೂವತ್ತು ಸಲ. ಇದ್ದಕ್ಕಿದ್ದ ಹಾಗೆ 'ಢಂ' ಎಂದು ಸೈಲೆನ್ಸರಿನಿಂದ ಕಪ್ಪು ಹೊಗೆ, ಮಸಿ, ಹರಿದ ಕಾಗದ, ಹತ್ತಿ, ಒಂದು ಅಂಗಿಯ ಗುಂಡಿ, ಹೀಗೆ ಒಂದು ಇಡೀ ಇಲಿಗೂಡು ಹಾರಿ ಬಂದು ಅಮ್ಮ ಒಣಹಾಕಿದ್ದ ಹಲಸಿನ ಹಪ್ಪಳದ ಮೇಲೆ ಬಿತ್ತು. ಅಮ್ಮ ಏನೆಂದು ಬೈದಳೋ ನಮಗೆ ಕೇಳಿಸಲಿಲ್ಲ. ಯಾಕೆಂದರೆ ಮೋಟರ್ ಸೈಕಲ್ಲು 'ಡುಗು ಡುಗು ಡುಗು' ಎನ್ನುತ್ತಿತ್ತು!

ಆದರೆ ಆ ಸಂತೋಷ ಹೊಳೆಯ ಸೇತುವೆಯವರೆಗೆ ಮಾತ್ರ. ಅಕ್ಕನನ್ನು ಹಿಂದೆ ಕೂರಿಸಿಕೊಂಡು ಅಪ್ಪ ಹೊರಟರೆ ಸೇತುವೆ ದಾಟುವಷ್ಟರಲ್ಲಿ ಗಾಡಿ ಕೆಮ್ಮಿ ಕೆಮ್ಮಿ ನಿಲ್ಲುತ್ತಿತ್ತು. ಪೆಟ್ರೋಲು ಇದೆಯೋ ಇಲ್ಲವೋ ಎಂದು ಟ್ಯಾಂಕಿನ ಮುಚ್ಚಳ ತೆಗೆದು ನೋಡುತ್ತಿದ್ದ. ಬೇಕಾದಷ್ಟು ಇರುತ್ತಿತ್ತು. ಮುಚ್ಚಳ ಹಾಕಿ ಅಕ್ಕ ತುಳಿದರೆ ಮತ್ತೆ ಓಡುತ್ತಿತ್ತು, ಮತ್ತೆ ಸ್ವಲ್ಪ ದೂರಕ್ಕೆ ನಿಲ್ಲುತ್ತಿತ್ತು. ಹಿತ್ತಾಳೆ ತುಂಡನ್ನು ಮೂರು ಸಲ ಬಿಚ್ಚಿ ಊದಿದ್ದಾಯಿತು, ಪ್ಲಗ್ಗು ಉಜ್ಜಿದ್ದಾಯಿತು. ರೋಗ ಎಲ್ಲಿದೆ ಎಂದು ಗೊತ್ತಾಗಲೇ ಇಲ್ಲ.

ಅಷ್ಟರಲ್ಲಿ ಕವಲೇದುರ್ಗದ ತಪ್ಪಲಿನ ಒಂದು ಹಳ್ಳಿಯಿಂದ ಸುದ್ದಿ ಬಂತು. ಗಳಲೆ ರೋಗಕ್ಕೆ ಒಂದು ಎಮ್ಮೆ ಸತ್ತಿದೆ, ಇನ್ನೊಂದು ಮಲಗಿದೆ. ಈ ರೋಗ ಬಂದರೆ ದನದ ಗಂಟಲು ಊದಿಕೊಂಡು ಉಸಿರು ಕಟ್ಟುತ್ತದೆ. ಉಳಿದವಕ್ಕೆ ಕೂಡಲೇ ಚುಚ್ಚುಮದ್ದು ಹಾಕಬೇಕು. ಮರುದಿನ ಬೆಳಗಿನ ಬಸ್ಸಿಗೆ ಥರ್ಮಾಸ್ ಫ್ಲಾಸ್ಕಿನಲ್ಲಿ ಐಸ್ ತುಂಬಿಸಿಕೊಂಡು ಔಷಧಿ ಬಂತು. ಐಸ್ ಕರಗಿದರೆ ಔಷಧಿ ಕೆಟ್ಟಿತು. ಆ ಹಳ್ಳಿಗೆ ಬಸ್ಸಿಲ್ಲ.

"ಅರ್ಧ ದಾರೀಲಿ ನಿಂತ್ರೆ ಎಂತ ಮಾಡ್ತೀರಿ?" ಅಮ್ಮ ಕೇಳಿದಳು.

"ನಿಂತ್ರೆ ಮತ್ತೆ ತುಳಿಯೋದು" ಎಂದಳು ಅಕ್ಕ. ಫ್ಲಾಸ್ಕನ್ನು ಮಗುವಿನ ಹಾಗೆ ಅಪ್ಪಿಕೊಂಡು ಆಗಲೇ ಹಿಂದೆ ಕುಳಿತಿದ್ದಳು. ನನ್ನನ್ನು ಯಾಕೆ ಕರೆದುಕೊಂಡು ಹೋದರೆಂದರೆ, ನಾನು ಅವರಿಗಿಂತ ಮೊದಲೇ ಟ್ಯಾಂಕಿನ ಮೇಲೆ ಹತ್ತಿ ಗಟ್ಟಿಯಾಗಿ ಹಿಡಿದು ಕುಳಿತಿದ್ದೆ. ಇಳಿಸಿ ಅಳಿಸಿ ಸಮಾಧಾನ ಮಾಡಲು ಯಾರಿಗೂ ಹೊತ್ತಿರಲಿಲ್ಲ.

ಕೆಂಪು ಧೂಳಿನ ರಸ್ತೆ. ತೊಡೆಯ ಕೆಳಗೆ ಟ್ಯಾಂಕು ಗುಡುಗುಟ್ಟಿ ನನ್ನ ಹೊಟ್ಟೆಯವರೆಗೂ ನಡುಗುತ್ತಿತ್ತು. ಬಾಯಿ ತೆರೆದರೆ ಹಲ್ಲಿಲ್ಲದ ಸಂದಿನಿಂದ ಗಾಳಿ ಒಳನುಗ್ಗಿ ಸಿಳ್ಳೆ ಹೊಡೆಯುತ್ತಿತ್ತು. ಎರಡು ಮೈಲಿ ಹೋಗಿರಬಹುದು, ಗಾಡಿ ಕೆಮ್ಮಿತು, ನಿಂತಿತು. ಅಪ್ಪ ಮುಚ್ಚಳ ತೆಗೆದು ನೋಡಿದ, ಹಾಕಿದ. ಅಕ್ಕ ತುಳಿದಳು. ಹೊರಟೆವು. ಮತ್ತೆ ನಿಂತಿತು. ಮೂರನೆಯ ಸಲ ಕಿಕ್ಕರ್ ತಿರುಗಿ ಬಡಿದು ಅಕ್ಕನ ಮೊಳಕಾಲ ಕೆಳಗೆ ಚರ್ಮ ಸುಲಿಯಿತು. ಅವಳು ತುಟಿ ಕಚ್ಚಿಕೊಂಡು ಎರಡು ಸೊಪ್ಪಿನೆಲೆ ಕಿತ್ತು ಒತ್ತಿಟ್ಟಳು. ಮತ್ತೆ ತುಳಿದಳು.

ಐದನೆಯ ಸಲ ನಿಂತದ್ದು ಏರಿನಲ್ಲಿ. ಬಿಸಿಲು ನೆತ್ತಿಗೆ ಬರುತ್ತಿತ್ತು. ಅಪ್ಪ ಮತ್ತೆ ಕಾರ್ಬ್ಯುರೇಟರ್ ಬಿಚ್ಚಿ ನೋಡಿದ, ಕಸವೇ ಇಲ್ಲ. ಅಕ್ಕ ಫ್ಲಾಸ್ಕಿನ ಮುಚ್ಚಳ ಒಂಚೂರು ತೆರೆದು ಇಣುಕಿ, "ನಿಂಬೆಹಣ್ಣಿನಷ್ಟು ಉಳ್ದದೆ" ಅಂದಳು. ಅಪ್ಪ ಮೈಲಿಗಲ್ಲಿನ ಮೇಲೆ ಕುಳಿತು, ನೆಟ್ಟಗೆ ಚಾಚಿದ ಕಾಲನ್ನೇ ನೋಡುತ್ತ, "ಆಗಲ್ಲ ಅಂತ ಬರ್ದು ಕೊಟ್ಬಿಡ್ತೀನಿ. ಉಗ್ರಾಣಕ್ಕೇ ಹಾಕ್ಲಿ" ಅಂದ. ಅಪ್ಪನ ಕಣ್ಣು ಕೆಂಪಾದದ್ದನ್ನು ನಾನು ನೋಡಿದ್ದು ಅದೇ ಮೊದಲು. ಧೂಳಿಗೆ ಇರಬೇಕು ಅಂದುಕೊಂಡೆ.

ನನಗೆ ಒಂದು ವಿಷಯ ಕೇಳಬೇಕಿತ್ತು. ಟ್ಯಾಂಕಿನ ಮೇಲೆ ಕುಳಿತದ್ದರಿಂದ ಮುಚ್ಚಳ ನನ್ನ ಮೂಗಿನ ಕೆಳಗೇ ಇತ್ತು. ಅಪ್ಪ ಅದನ್ನು ತೆರೆದಾಗಲೆಲ್ಲ 'ಸುಯ್' ಎಂಬ ಸಣ್ಣ ಸದ್ದು. ಅಳುವ ಮಗು ಉಸಿರು ಎಳೆದುಕೊಳ್ಳುವುದಿಲ್ಲವೇ, ಹಾಗೆ.

"ಅಪ್ಪ, ಮುಚ್ಚಳ ತೆಗ್ದಾಗ ಅದು ಉಸ್ರು ಎಳ್ಕೊಳ್ತದೆ."

"ಸುಮ್ನಿರು ಪುಟ್ಟಿ."

"ಎಳ್ಕೊಂಡ ಮೇಲೇ ಅದು ಓಡೋದು. ಇದ್ಕೆ ಇನ್ನೊಂದು ತೂತು ಎಲ್ಲಿದೆ?"

"ಎಂತ ತೂತೇ?" ಅಕ್ಕ ಕೇಳಿದಳು.

ಅಮ್ಮ ಕೊಬ್ಬರಿ ಎಣ್ಣೆಯ ಹೊಸ ಡಬ್ಬಿಗೆ ಮೊಳೆ ಹೊಡೆಯುವಾಗ ಯಾವಾಗಲೂ ಎರಡು ತೂತು ಮಾಡುತ್ತಿದ್ದಳು. ಒಂದೇ ತೂತಿದ್ದರೆ ಎಣ್ಣೆ ಗುಳುಕ್ ಗುಳುಕ್ ಎಂದು ನಿಂತು ನಿಂತು ಬೀಳುತ್ತದೆ, ಆಮೇಲೆ ಬೀಳುವುದೇ ಇಲ್ಲ. ಗಾಳಿ ಒಳಗೆ ಹೋಗಲು ಇನ್ನೊಂದು ತೂತು ಇದ್ದರೆ ಮಾತ್ರ ಸರಾಗವಾಗಿ ಸುರಿಯುತ್ತದೆ. ನಾನು ಅದನ್ನೇ ಹೇಳಿದೆ.

ಅಪ್ಪ ಮೈಲಿಗಲ್ಲು ಬಿಟ್ಟು ಎದ್ದ. ಕುಂಟುತ್ತ ಓಡಿಬಂದು ಮುಚ್ಚಳ ತೆಗೆದ. ಸುಯ್! ಅಕ್ಕನಿಗೂ ಕೇಳಿಸಿತು. ಮುಚ್ಚಳವನ್ನು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರೆ, ನಡುವೆ ಸಾಸಿವೆಗಿಂತ ಸಣ್ಣ ಕಂದು ಚುಕ್ಕಿ. ತುಕ್ಕಿನ ಕಲೆ ಎಂದು ನಾವೆಲ್ಲ ಎಷ್ಟು ಸಲ ಒರೆಸಿದ್ದೆವೋ. ಅಪ್ಪ ಚೀಲದಿಂದ ಇಂಜೆಕ್ಷನ್ ಸೂಜಿ ತೆಗೆದು ಚುಚ್ಚಿದ. ಗಟ್ಟಿ ಕೆಂಪು ಮಣ್ಣು ಪುಡಿಪುಡಿಯಾಗಿ ಉದುರಿತು. ಯಾವುದೋ ಬೇಸಿಗೆಯಲ್ಲಿ ಒಂದು ಕುಂಬಾರನ ಹುಳ, ಅದೇ ಮಣ್ಣಿನ ಗೂಡು ಕಟ್ಟುವ ಕಣಜ, ಡಾಕ್ಟರ ಕೊಟ್ಟಿಗೆಯಲ್ಲಿ ಆ ಗಾಳಿಕಿಂಡಿಯನ್ನು ಮೆತ್ತಿ ಮುಚ್ಚಿ ಹೋಗಿತ್ತು. ಪೆಟ್ರೋಲು ಕೆಳಗಿಳಿದಂತೆ ಒಳಗೆ ಗಾಳಿ ಬಾರದೆ ಟ್ಯಾಂಕು ಪೆಟ್ರೋಲನ್ನು ಹಿಡಿದಿಟ್ಟುಕೊಳ್ಳುತ್ತಿತ್ತು. ನಾವು ಮುಚ್ಚಳ ತೆಗೆದಾಗ ಮಾತ್ರ ಅದಕ್ಕೆ ಉಸಿರು.

ಮುಚ್ಚಳವನ್ನು ತುಟಿಗಿಟ್ಟು ಊದಲು ಅಪ್ಪ ನನಗೇ ಕೊಟ್ಟ. ಗಾಳಿ ಆಚೆ ಬದಿಗೆ ಹೋಯಿತು. ಬಾಯೆಲ್ಲ ಪೆಟ್ರೋಲಿನ ವಾಸನೆ.

ಅಕ್ಕ ಒಂದೇ ತುಳಿತಕ್ಕೆ ಗಾಡಿ ಎಬ್ಬಿಸಿದಳು. ಆಮೇಲೆ ಅದು ಕೆಮ್ಮಲಿಲ್ಲ. ಏರು ಹತ್ತಿತು, ಇಳಿಯಿತು, ಹಳ್ಳದ ನೀರು ಎರಚಿತು. ದೂರದಲ್ಲಿ ಕವಲೇದುರ್ಗದ ಗುಡ್ಡ ಕಂಡಾಗ ಅಪ್ಪ ಏನೋ ಹಾಡುತ್ತಿದ್ದ. ಹಾಡು ಕೇಳಿಸಲಿಲ್ಲ, ನನ್ನ ಬೆನ್ನಿಗೆ ಒತ್ತಿದ್ದ ಅವನ ಎದೆ ಗುಂಯ್ಗುಡುವುದು ಮಾತ್ರ ಗೊತ್ತಾಯಿತು.

ಎಮ್ಮೆ ಸತ್ತಿದ್ದ ಮನೆಯ ಹೆಂಗಸು ಸದ್ದು ಕೇಳಿ ಗದ್ದೆಯ ಅಂಚಿನವರೆಗೆ ಓಡಿಬಂದಿದ್ದಳು. "ಬಂದ್ರಾ! ಕಾಲು ಸರಿಯಿಲ್ದವ್ರು ಎಲ್ಲಿ ಬರ್ತಾರೆ ಅಂತ ಮಾಡಿದ್ವಿ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಫ್ಲಾಸ್ಕಿನಲ್ಲಿ ಐಸು ಕಡಲೆಕಾಳಿನಷ್ಟು ಉಳಿದಿತ್ತು. ಸಂಜೆಯವರೆಗೂ ಅಪ್ಪ ಒಂದೊಂದೇ ದನದ ಕತ್ತು ಸವರಿ ಸೂಜಿ ಹಾಕಿದ. ಅಕ್ಕ ಕೊಂಬು ಹಿಡಿದಳು. ಮಲಗಿದ್ದ ಎಮ್ಮೆ ಮಾತ್ರ ಉಳಿಯಲಿಲ್ಲ. ಅದರ ತಲೆಯ ಹತ್ತಿರ ಅಪ್ಪ ಬಹಳ ಹೊತ್ತು ಕುಳಿತಿದ್ದ. ಯಾಕೆ ಉಳಿಯಲಿಲ್ಲ ಎಂದು ನಾನು ಕೇಳಿದ್ದಕ್ಕೆ, "ತಡ ಆಗಿತ್ತು ಪುಟ್ಟಿ. ನಿನ್ನೆಯೇ ಬರ್ಬೇಕಿತ್ತು" ಎಂದ. ಆಮೇಲಿನ ಮಳೆಗಾಲದಲ್ಲೂ ಆ ಹಳ್ಳಿಯಲ್ಲಿ ಬೇರೆ ಒಂದೂ ದನ ಸಾಯಲಿಲ್ಲ.

ಅಪ್ಪನಿಗೆ ವರ್ಗವಾಗಲಿಲ್ಲ. ಹನ್ನೊಂದು ವರ್ಷ ಅವನು ಅದರಲ್ಲೇ ಕವಲೇದುರ್ಗ, ಹೊಸನಗರದ ಕಡೆಗೆಲ್ಲ ತಿರುಗಿದ. ಅಕ್ಕ ಜೊತೆಗಿಲ್ಲದಾಗ ಹಳ್ಳಿಯವರೇ ತುಳಿದು ಎಬ್ಬಿಸಿಕೊಡುತ್ತಿದ್ದರು. ಅಕ್ಕ ಆ ವರ್ಷವೇ ಓಡಿಸಲು ಕಲಿತಳು. ಪೇಟೆಯವರು ಬಾಗಿಲಿಗೆ ಬಂದು ನೋಡುತ್ತಿದ್ದರು, ಅವಳು ಅತ್ತ ತಿರುಗಿಯೂ ನೋಡುತ್ತಿರಲಿಲ್ಲ.

ಈಗ ನಾನು ಸಾಗರದಲ್ಲಿ ಮೊಮ್ಮಕ್ಕಳ ಜೊತೆ ಇದ್ದೇನೆ. ಇವರ ಅಮ್ಮನ ಸ್ಕೂಟರ್ ಕರೆಂಟಿನದು. ಅದಕ್ಕೆ ಹೊಗೆಯಿಲ್ಲ, ವಾಸನೆಯಿಲ್ಲ, ಬಂದದ್ದೇ ಗೊತ್ತಾಗುವುದಿಲ್ಲ. ಮೊನ್ನೆ ಗೇಟಿನ ಹತ್ತಿರ ನಿಂತುಬಿಟ್ಟಿತು. ಅದರ ಪರದೆಯ ಮೇಲೆ ಒಂದು ಸಂಖ್ಯೆ ಮಿನುಗಿತು. ರಿಪೇರಿಯವರು ಬಂದು ಲ್ಯಾಪ್‌ಟಾಪಿಗೆ ವೈರು ಸಿಕ್ಕಿಸಿ, ಏನೋ ಒತ್ತಿ, ಒಂದು ಸ್ಕ್ರೂ ಕೂಡ ಬಿಚ್ಚದೆ ಹತ್ತು ನಿಮಿಷದಲ್ಲಿ ಸರಿ ಮಾಡಿದರು. ಎಷ್ಟು ಸುಲಭ! ಯಾರ ಕಾಲೂ ಸುಲಿಯಲಿಲ್ಲ, ಯಾರ ಹಪ್ಪಳಕ್ಕೂ ಮಸಿಯಾಗಲಿಲ್ಲ. ನನಗೆ ಒಳ್ಳೆಯದೇ ಅನ್ನಿಸಿತು.

ಅವರು ಚೀಲ ಹೆಗಲಿಗೆ ಹಾಕಿ ಹೊರಟಾಗ ಎಂಟು ವರ್ಷದ ಮೊಮ್ಮಗಳು ಗೇಟಿಗೆ ಅಡ್ಡ ನಿಂತಳು.

"ಅಂಕಲ್, ಸರಿ ಆಯ್ತು. ಆದ್ರೆ ಅದಕ್ಕೆ ಏನಾಗಿತ್ತು?"

ಅವರು ಅವಳ ಮುಖ ನೋಡಿದರು. ಗಡಿಯಾರ ನೋಡಿಕೊಂಡರು. ಆಮೇಲೆ ನಕ್ಕು, ಜಗಲಿಯ ಮೇಲೆ ಕುಳಿತು, ಲ್ಯಾಪ್‌ಟಾಪನ್ನು ಮತ್ತೆ ತೆರೆದರು. ನಾನು ಒಳಗೆ ಹೋಗಿ ಕನ್ನಡಕ ಹುಡುಕಿಕೊಂಡು ಬಂದು, "ಸ್ವಲ್ಪ ಆ ಕಡೆ ಸರಿಯೇ" ಎಂದು ಅವಳ ಪಕ್ಕದಲ್ಲಿ ಕುಳಿತೆ.